ನಿರ್ವಹಣವಿಲ್ಲದ ನಾಟಕ: ‘ಥ್ರೀ ಮೆನ್ ಅಂಡ್ ಅಡೀನಾ’

ಪತ್ತೇದಾರಿ ಕಥೆಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ನಮ್ಮ ವಿದ್ವಾಂಸರು ಹಿಂಜರಿಯುವುದುಂಟು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಆ ಜಾತಿಯ ಕಥೆ ಓದುಗನೊಡನೆ ಮೊದಲೇ ಒಂದು ಕರಾರು ಮಾಡಿಕೊಂಡಿರುತ್ತದೆ. ಮೊದಲ ಪುಟದಲ್ಲಿ ಒಂದು ಹೆಣ ಬೀಳುತ್ತದೆ. ಕೊನೆಯ ಪುಟದಲ್ಲಿ ಕೊಂದವನು ಯಾರೆಂದು ತಿಳಿಯುತ್ತದೆ. ನಡುವೆ ಇರುವುದೆಲ್ಲ ಆ ತಿಳಿವಳಿಕೆಯನ್ನು ತಡೆದಿಡುವ ಉಪಾಯ. ಗುಟ್ಟು ಒಡೆದಮೇಲೆ ಆ ಪುಸ್ತಕವನ್ನು ಎರಡನೆಯ ಸಲ ತೆರೆಯುವವರು ವಿರಳ. ಕಾವ್ಯವಾದರೋ ಕಥೆ ತಿಳಿದಿದ್ದರೂ ಮತ್ತೆ ಮತ್ತೆ ಓದಿಸಿಕೊಳ್ಳುತ್ತದೆ. ರಾಮನು ಕಾಡಿಗೆ ಹೋಗುವನೆಂಬುದನ್ನು ಮೊದಲೇ ಅರಿಯದೆ ರಾಮಾಯಣವನ್ನು ಓದಹೊರಡುವವರು ನಮ್ಮಲ್ಲಿ ಯಾರಿದ್ದಾರೆ?

ಹೀಗಿರುವಲ್ಲಿ, ಆ ಕರಾರನ್ನೇ ಮುರಿದು, ಕೊಂದವನು ಯಾರೆಂಬುದನ್ನು ಹೇಳದೆಯೇ ಮುಗಿದು, ಆದರೂ ನೋಡಿದವರ ಮನಸ್ಸಿನಲ್ಲಿ ನೆಲೆನಿಂತ ಒಂದು ಪೋಲೀಸು ನಾಟಕವಿದೆಯೆಂದರೆ, ಅದನ್ನು ತುಸು ವಿವರವಾಗಿ ಪರೀಕ್ಷಿಸುವುದು ಅನುಚಿತವಾಗಲಾರದು. ಅಮೆರಿಕದ ಎನ್.ಬಿ.ಸಿ. ಸಂಸ್ಥೆ ೧೯೯೩ರಿಂದ ೧೯೯೯ರವರೆಗೆ ಪ್ರಸಾರ ಮಾಡಿದ ‘ಹಾಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ ಎಂಬ ದೂರದರ್ಶನ ಮಾಲೆಯಲ್ಲಿ, ೧೯೯೩ರ ಮಾರ್ಚ್ ೩ರಂದು ತೆರೆಯ ಮೇಲೆ ಬಂದ ‘ಥ್ರೀ ಮೆನ್ ಅಂಡ್ ಅಡೀನಾ’ ಎಂಬ ಕಂತೇ ಅದು. ‘ಮೂವರು ಗಂಡಸರು ಮತ್ತು ಅಡೀನಾ’ ಎಂದು ಹೆಸರಿನ ಅರ್ಥ. ಬರೆದವರು ಟಾಮ್ ಫಾಂಟಾನಾ. ನಿರ್ದೇಶಿಸಿದವರು ಮಾರ್ಟಿನ್ ಕ್ಯಾಂಪ್‌ಬೆಲ್. ಈ ಬರವಣಿಗೆಗಾಗಿ ಫಾಂಟಾನಾ ಅವರಿಗೆ ಅದೇ ವರ್ಷ ಎಮ್ಮಿ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯಿಂದ ಕೃತಿಯ ಯೋಗ್ಯತೆ ನಿಶ್ಚಯವಾಗುವುದಿಲ್ಲವಷ್ಟೆ. ಆದುದರಿಂದ ಕೃತಿಯನ್ನೇ ನೋಡೋಣ.

ಮೊದಲು ಮಾಲೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಡೇವಿಡ್ ಸೈಮನ್ ಎಂಬುವರು ‘ಬಾಲ್ಟಿಮೋರ್ ಸನ್’ ಪತ್ರಿಕೆಯ ವರದಿಗಾರರಾಗಿದ್ದರು. ೧೯೮೮ನೆಯ ಇಸವಿಯಿಡೀ ಅವರು ಆ ನಗರದ ಕೊಲೆ ತನಿಖೆಯ ವಿಭಾಗದಲ್ಲಿ ಪೋಲೀಸರೊಡನೆ ತಿರುಗಾಡಿ, ಕಂಡುದನ್ನು ೧೯೯೧ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಆ ಗ್ರಂಥವೇ ಮಾಲೆಗೆ ಆಧಾರ. ಪಾಲ್ ಅಟನಾಸಿಯೊ ಅವರು ಅದಕ್ಕೆ ನಾಟಕರೂಪವನ್ನು ಕಲ್ಪಿಸಿದರು. ಚಲಚ್ಚಿತ್ರ ನಿರ್ದೇಶಕರಾದ ಬ್ಯಾರಿ ಲೆವಿನ್ಸನ್ ಮತ್ತು ಫಾಂಟಾನಾ ಅವರು ಅದನ್ನು ನಡೆಸಿದರು. ಚಿತ್ರಣವೆಲ್ಲ ಬಾಲ್ಟಿಮೋರ್ ನಗರದಲ್ಲಿಯೇ ನಡೆಯಿತು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದುಕೊಂಡೇ ಚಿತ್ರಿಸುವುದು, ಒಂದು ದೃಶ್ಯದ ನಡುವಿನಿಂದ ತುಣುಕನ್ನು ಕತ್ತರಿಸಿ ನೋಟವನ್ನು ಹಾರಿಸುವುದು, ಇವು ಮಾಲೆಯ ಶೈಲಿ. ಅಟ್ಟಹಾಸದ ಬೆನ್ನಟ್ಟುವಿಕೆಗಳಿಗೂ ಗುಂಡಿನ ಕಾಳಗಗಳಿಗೂ ಇಲ್ಲಿ ಹೆಚ್ಚು ಸ್ಥಳವಿಲ್ಲ. ದೂರವಾಣಿ ಬಡಿದುಕೊಳ್ಳುವುದು, ಗೋಡೆಯ ಹಲಗೆಯ ಮೇಲೆ ಸತ್ತವರ ಹೆಸರು ಏರುವುದು, ಕೊಲೆ ಪತ್ತೆಯಾದರೆ ಕೆಂಪಕ್ಷರದಲ್ಲಿದ್ದ ಹೆಸರು ಕಪ್ಪಕ್ಷರಕ್ಕೆ ತಿರುಗುವುದು, ಇಂಥ ಕಚೇರಿಯ ದಿನಚರಿಯೇ ಇಲ್ಲಿಯ ವಸ್ತು.

ಮಾಲೆಯ ಪ್ರಥಮ ಕಂತಿನ ಕೊನೆಯಲ್ಲಿ ಒಂದು ರಾತ್ರಿ, ಸುರಿಯುವ ಮಳೆಯಲ್ಲಿ, ಅಡೀನಾ ವಾಟ್ಸನ್ ಎಂಬ ಹನ್ನೊಂದು ವರ್ಷದ ಹುಡುಗಿಯ ಶವ ಸಿಕ್ಕುತ್ತದೆ. ಕೊಲೆಯ ವಿಭಾಗಕ್ಕೆ ಹೊಸದಾಗಿ ಬಂದ ಟಿಮ್ ಬೇಲಿಸ್ ಎಂಬ ತರುಣನಿಗೆ ಈ ಮೊಕದ್ದಮೆ ಬರುತ್ತದೆ. ಅವನಿಗೆ ಅದು ಮೊದಲನೆಯದು. ಮುಂದಿನ ಕಂತುಗಳಲ್ಲಿ ಅವನು ಹಗಲಿರುಳೂ ಅದರಲ್ಲಿಯೇ ಮುಳುಗುತ್ತಾನೆ. ಸಂಶಯವೆಲ್ಲ ರಿಸ್ಲೆ ಟಕರ್ ಎಂಬ ಮುದುಕನ ಸುತ್ತ ಕಲೆಹಾಕುತ್ತದೆ. ಟಕರ್ ಕುದುರೆಗಾಡಿಯಲ್ಲಿ ಹಣ್ಣು ತರಕಾರಿಗಳನ್ನು ಹೇರಿಕೊಂಡು ಬೀದಿಬೀದಿಗಳಲ್ಲಿ ಕೂಗಿ ಮಾರುವವನು. ಬಾಲ್ಟಿಮೋರಿನಲ್ಲಿ ಇಂಥವರನ್ನು ‘ಏರಬರ್’ ಎಂದು ಕರೆಯುತ್ತಾರೆ. ಅಮೆರಿಕದ ಅಂತರ್ಯುದ್ಧದ ತರುವಾಯ, ಬೇರೆ ಕೆಲಸ ಸಿಕ್ಕುವುದು ದುರ್ಲಭವಾಗಿದ್ದ ಕಪ್ಪು ಜನರು ಕೈಗೊಂಡ ಕಸುಬು ಅದು. ಹುಡುಗಿಗೆ ಟಕರನ ಪರಿಚಯವಿತ್ತು. ಅವನ ಕೊಟ್ಟಿಗೆ ಸುಟ್ಟುಹೋಗಿದೆ. ಹುಡುಗಿಯ ಬಟ್ಟೆಯ ಮೇಲಿನ ಕಲೆ ಆ ಸುಟ್ಟ ಕೊಟ್ಟಿಗೆಯ ಮಸಿಯೊಡನೆ ಹೊಂದುತ್ತದೆ. ಕೊಲೆಯ ಹೊತ್ತಿನಲ್ಲಿ ತಾನೆಲ್ಲಿದ್ದೆನೆಂಬುದನ್ನು ಅವನು ನೆಟ್ಟಗೆ ಹೇಳಲಾರ. ಪೋಲೀಸರ ಕೈಯಲ್ಲಿರುವುದು ಇಷ್ಟೇ. ಸಂಶಯಕ್ಕೆ ಇದು ಸಾಕು, ಶಿಕ್ಷೆಗೆ ಸಾಲದು.

ಈ ಅಂತರವನ್ನು ತುಂಬಬಲ್ಲುದು ಒಂದೇ ಒಂದು: ಟಕರನ ಬಾಯಿಂದ ಬರುವ ತಪ್ಪೊಪ್ಪಿಗೆ. ಅವನನ್ನು ಮತ್ತೆ ಮತ್ತೆ ಕರೆತಂದು ಪೀಡಿಸಲು ಅವಕಾಶವಿಲ್ಲ. ಹನ್ನೆರಡು ಗಂಟೆಗಳ ಕಾಲ ಕೊನೆಯದಾಗಿ ಪ್ರಶ್ನಿಸಬಹುದು. ಅಷ್ಟರಲ್ಲಿ ಒಪ್ಪದಿದ್ದರೆ ಅವನನ್ನು ಬಿಟ್ಟುಬಿಡಬೇಕು. ಬೇಲಿಸನಿಗೆ ನೆರವಾಗಿ ಫ್ರಾಂಕ್ ಪೆಂಬಲ್‌ಟನ್ ಎಂಬ ಹಿರಿಯ ಪತ್ತೇದಾರನು ಬರುತ್ತಾನೆ. ಟಕರನೇ ಕೊಂದವನೆಂದು ಬೇಲಿಸನಿಗೆ ಪೂರ್ಣ ನಂಬಿಕೆ, ಪೆಂಬಲ್‌ಟನನಿಗೆ ಅಷ್ಟಿಲ್ಲ. ಮುದುಕನು ವಕೀಲನ ನೆರವಿಲ್ಲದೆ ಕುಳಿತಿದ್ದಾನೆ. ಬಾಗಿಲು ಮುಚ್ಚುತ್ತದೆ. ಪೋಲೀಸರ ಮಾತಿನಲ್ಲಿ ‘ಪೆಟ್ಟಿಗೆ’ ಎನಿಸಿಕೊಂಡ ಆ ಚಿಕ್ಕ ಕೊಠಡಿಯಿಂದ ನಾಟಕ ಹೊರಗೆ ಬರುವುದು ಅಪರೂಪ.

ಇಲ್ಲಿ ನ್ಯಾಯಶಾಸ್ತ್ರದ ಒಂದು ಅಂಶವನ್ನು ಗಮನಿಸದಿದ್ದರೆ ನಮ್ಮ ಓದುಗರಿಗೆ ಈ ನಾಟಕದ ಬಿಗಿ ತಿಳಿಯಲಾರದು. ನಮ್ಮ ದೇಶದಲ್ಲಿ ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ತರುವಂತಿಲ್ಲ. ೧೮೭೨ರ ಸಾಕ್ಷ್ಯಶಾಸನದ ೨೫ನೆಯ ಕಲಮು ಹಾಗೆ ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ಆ ಹೇಳಿಕೆಯಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಭಾಗ ಮಾತ್ರ ಅಪವಾದ. ಅಮೆರಿಕದ ಪದ್ಧತಿ ಬೇರೆ. ಬಂಧನದಲ್ಲಿರುವವನನ್ನು ಪ್ರಶ್ನಿಸುವ ಮುನ್ನ, ಮೌನವಾಗಿರಲೂ ವಕೀಲನನ್ನು ಕೇಳಲೂ ಅವನಿಗೆ ಹಕ್ಕುಂಟೆಂದು ತಿಳಿಸಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೧೯೬೬ರಲ್ಲಿ, ಮಿರಾಂಡಾ ಎಂಬುವನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆದರೆ ಹಾಗೆ ತಿಳಿಸಿದ ಮೇಲೆ ಅವನು ಆ ಹಕ್ಕನ್ನು ಬಿಟ್ಟುಕೊಟ್ಟು ಸ್ವಂತ ಇಚ್ಛೆಯಿಂದ ಆಡಿದ ಮಾತು ಪೋಲೀಸರ ಮುಂದೆ ಆಡಿದುದಾದರೂ ಪ್ರಮಾಣವೇ. ಆದ್ದರಿಂದ ಅಲ್ಲಿಯ ಪತ್ತೇದಾರನಿಗೆ ಆ ಕೊಠಡಿಯೇ ರಣರಂಗ. ಹೊಡೆಯುವಂತಿಲ್ಲ, ಆದರೆ ಒಲಿಸಬಹುದು, ಬೆದರಿಸಿದಂತೆ ತೋರಬಹುದು, ದಣಿಸಬಹುದು, ಸುಳ್ಳನ್ನೂ ಹೇಳಬಹುದು. ಸೆರೆಮನೆಯೆಂಬ ಯಾರಿಗೂ ಬೇಡದ ಸರಕನ್ನು ಮಾರುವ ವ್ಯಾಪಾರಿ ತಾನೆಂದು ಪೆಂಬಲ್‌ಟನನು ಮಾಲೆಯ ಆರಂಭದಲ್ಲಿಯೇ ತನ್ನ ಕಸುಬನ್ನು ವರ್ಣಿಸಿಕೊಂಡಿದ್ದಾನೆ. ಆ ವ್ಯಾಪಾರದ ದೀರ್ಘ ದಿನವೊಂದು ಇಲ್ಲಿ ನಮ್ಮ ಕಣ್ಣೆದುರಿಗಿದೆ.

ನಾಟಕದ ಬಂಧವನ್ನು ನೋಡಿದರೆ ಕರ್ತೃವಿನ ಸಂಯಮ ಎದ್ದು ಕಾಣುತ್ತದೆ. ಪಾತ್ರಗಳು ಮೂರು, ಸ್ಥಳ ಒಂದು, ಕಾರ್ಯ ಒಂದು. ಹನ್ನೆರಡು ಗಂಟೆಗಳ ಕಾಲವನ್ನು ಮುಕ್ಕಾಲು ಗಂಟೆಯಷ್ಟರಲ್ಲಿ ಅಡಕಮಾಡಿದ್ದಾರೆ. ಯವನ ನಾಟಕಗಳಿಂದ ಪಾಶ್ಚಾತ್ಯರು ಹೆಕ್ಕಿ ತೆಗೆದ ಏಕತ್ರಯವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಕೃತಿಗಳು ದೂರದರ್ಶನದಲ್ಲಿ ಹೆಚ್ಚಿಲ್ಲ. ಮಾಲೆಗೆ ಸಹಜವಾದ ಕ್ಯಾಮೆರಾದ ಚಾಂಚಲ್ಯವು ಈ ಕೊಠಡಿಯಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ನಡೆದಾಡಲು ಎಡೆಯಿಲ್ಲದಲ್ಲಿ ನೋಟವು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ತಿರುಗಬೇಕೇ ಹೊರತು ಬೇರೆ ಗತಿಯಿಲ್ಲ. ಹೀಗೆ ಮುಖಗಳೇ ರಂಗಭೂಮಿಯಾಗುತ್ತವೆ.

ವಿಚಾರಣೆಯ ಗತಿಯಲ್ಲಿ ಮೂರು ಮಜಲುಗಳನ್ನು ಗುರುತಿಸಬಹುದು. ಮೊದಲನೆಯದು ಸಾಕ್ಷ್ಯದ ಮಜಲು. ಕಲೆ, ಮಸಿ, ಹೊತ್ತು, ಜಾಗ ಇವನ್ನು ಬೇಲಿಸನು ಒಂದೊಂದಾಗಿ ಮುಂದಿಡುತ್ತಾನೆ. ಸತ್ತ ಹುಡುಗಿಯ ಚಿತ್ರಗಳನ್ನು ಮೇಜಿನ ಮೇಲೆ ಹರಡುತ್ತಾನೆ. ಮುದುಕನು ತನಗೆ ತಿಳಿಯದೆಂಬ ಒಂದೇ ನೆಲೆಯಿಂದ ಕದಲುವುದಿಲ್ಲ. ಎರಡನೆಯದು ಸ್ನೇಹದ ಮಜಲು. ಪೆಂಬಲ್‌ಟನನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಸ್ವರವನ್ನು ತಗ್ಗಿಸಿ, ಟಕರನ ಕುಡಿತದ ಹಳೆಯ ಚಟವನ್ನೂ ಅವನ ಒಂಟಿತನವನ್ನೂ ಅನುಕಂಪದಿಂದ ಎತ್ತುತ್ತಾನೆ. ಆ ಅನುಕಂಪದಲ್ಲಿ ನಿಜವೆಷ್ಟು, ಕಸುಬೆಷ್ಟು ಎಂಬುದನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಪ್ರಾಯಶಃ ಅವನಿಗೂ ಸಾಧ್ಯವಿಲ್ಲ. ಮೂರನೆಯದು ಬಲಾತ್ಕಾರದ ಮಜಲು. ಎರಡು ಕಡೆಗಳಿಂದಲೂ ಪ್ರಶ್ನೆಗಳು ಕಲ್ಲಿನಂತೆ ಬೀಳುತ್ತವೆ. ತಾಳ್ಮೆಗೆಟ್ಟ ಬೇಲಿಸನು ಮುದುಕನ ಮೇಲೆ ಕೈಮಾಡುವ ಅಂಚಿಗೆ ಬರುತ್ತಾನೆ.

ಈ ಸ್ಥಳದಲ್ಲಿ ಪ್ರೇಕ್ಷಕನ ಸ್ಥಿತಿಯೇನು? ಹನ್ನೊಂದು ವರ್ಷದ ಮಗುವಿನ ಚಿತ್ರವನ್ನು ಅವನೂ ನೋಡಿದ್ದಾನೆ. ಮುದುಕನು ಒಪ್ಪಿಕೊಳ್ಳಲಿ ಎಂದು ಅವನೂ ಹಂಬಲಿಸುತ್ತಾನೆ. ಗಂಟೆ ಕಳೆದಂತೆ ಆ ಹಂಬಲ ಬೆಳೆಯುತ್ತದೆ. ಒಪ್ಪಿಗೆ ನಿಜವೋ ಸುಳ್ಳೋ ಎಂಬ ಪ್ರಶ್ನೆ ಹಿಂದೆ ಸರಿದು, ಒಪ್ಪಿಗೆಯೊಂದು ಬಂದರೆ ಸಾಕೆಂಬ ಭಾವ ಮುಂದೆ ಬರುತ್ತದೆ. ಬೇಲಿಸನ ಕೈ ಮೇಲೆದ್ದಾಗ ನಾವು ಬೆಚ್ಚಿಬೀಳುವುದು ಅವನ ಕ್ರೌರ್ಯವನ್ನು ಕಂಡು ಮಾತ್ರವಲ್ಲ. ಅದಕ್ಕೆ ನಾವೂ ಒಳಗೊಳಗೇ ಸಮ್ಮತಿಯಿತ್ತಿದ್ದೆವೆಂಬುದನ್ನು ಕಂಡು. ನ್ಯಾಯದ ಹಸಿವು ಯಾವ ಗಳಿಗೆಯಲ್ಲಿ ಬಲಿಯ ಹಸಿವಾಗಿ ಮಾರ್ಪಡುತ್ತದೆಂಬುದನ್ನು ಉಪದೇಶದ ಒಂದು ಮಾತೂ ಇಲ್ಲದೆ ಕರ್ತೃ ನಮ್ಮಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಇದು ಬರಿಯ ಕಲ್ಪನೆಯ ಭಯವಲ್ಲ. ೧೯೮೯ರಲ್ಲಿ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಒಬ್ಬ ಸ್ತ್ರೀಯ ಮೇಲೆ ನಡೆದ ಘೋರ ಅತ್ಯಾಚಾರದ ಮೊಕದ್ದಮೆಯಲ್ಲಿ, ದೀರ್ಘಕಾಲದ ಪೋಲೀಸು ವಿಚಾರಣೆಯ ಬಳಿಕ ಹದಿಹರೆಯದ ಹುಡುಗರಿಂದ ತಪ್ಪೊಪ್ಪಿಗೆಗಳು ಹೊರಟವು. ಐವರಿಗೆ ಶಿಕ್ಷೆಯಾಯಿತು. ಇನ್ನೊಬ್ಬನು ತಾನೇ ಆ ಕೃತ್ಯವನ್ನು ಮಾಡಿದವನೆಂದು ಒಪ್ಪಿಕೊಂಡು, ದೇಹದ್ರವ್ಯದ ಪರೀಕ್ಷೆಯೂ ಅದನ್ನು ಸಮರ್ಥಿಸಿದ ಮೇಲೆ, ೨೦೦೨ರಲ್ಲಿ ಆ ಐವರ ಶಿಕ್ಷೆಗಳನ್ನು ನ್ಯಾಯಾಲಯ ರದ್ದುಮಾಡಿತು. ನಮ್ಮ ನಾಟಕ ಪ್ರಸಾರವಾದ ೧೯೯೩ರ ಮಾರ್ಚ್ ತಿಂಗಳಲ್ಲಿ ಅವರು ಇನ್ನೂ ಸೆರೆಯಲ್ಲಿದ್ದರು. ಪೋಲೀಸರ ಕೊಠಡಿಯಲ್ಲಿ ಹುಟ್ಟಿದ ಮಾತು ಸತ್ಯವೇ ಆಗಬೇಕಿಲ್ಲವೆಂಬುದನ್ನು ಆ ದೇಶದ ಜನರು ಆಗ ಚೆನ್ನಾಗಿ ಅರಿತಿರಲಿಲ್ಲ. ಹೀಗಿರುವಾಗ, ಜನಪ್ರಿಯ ಮಾಲೆಯೊಂದು ತನ್ನ ನಾಯಕರ ಕೈಯಲ್ಲಿಯೇ ಆ ಸಂಶಯವನ್ನು ಹುಟ್ಟಿಸಿದುದು ಸಣ್ಣ ಮಾತಲ್ಲ.

ನಾಟಕದ ತಿರುವು ಇನ್ನು ಮುಂದೆ. ಹೊತ್ತು ಮೀರುತ್ತ ಬಂದಾಗ ದಣಿದ ಟಕರನು ಪತ್ತೇದಾರರ ಮೇಲೆಯೇ ತಿರುಗಿಬೀಳುತ್ತಾನೆ. ತಾನೂ ಕಪ್ಪು ಜನಾಂಗದವನೇ ಆದ ಪೆಂಬಲ್‌ಟನನು ವಿದ್ಯೆ ಪದವಿಗಳ ಗರ್ವದಿಂದ ತನ್ನಂಥ ಬಡ ಕಪ್ಪು ಮನುಷ್ಯನನ್ನು ಕಂಡು ಅಸಹ್ಯಪಡುತ್ತಾನೆಂದು ಅವನ ಮುಖಕ್ಕೇ ಹೇಳುತ್ತಾನೆ. ಬೇಲಿಸನ ಅಂತರಂಗದಲ್ಲಿಯೂ ಕತ್ತಲೆಯೊಂದು ಅಡಗಿದೆಯೆಂದು ಬೊಟ್ಟುಮಾಡುತ್ತಾನೆ. ಇಬ್ಬರೂ ತತ್ತರಿಸುತ್ತಾರೆ. ಪ್ರಶ್ನಿಸುವವರು ಪ್ರಶ್ನಿತರಾಗುತ್ತಾರೆ. ಊರಿಗೆ ತಗುಲಿದ ಪಾಪದ ಮೂಲವನ್ನು ಶೋಧಿಸಲು ಹೊರಟ ಈಡಿಪಸ್ ದೊರೆ ಕೊನೆಗೆ ತನ್ನನ್ನೇ ಕಂಡುಕೊಂಡ ಯವನ ನಾಟಕವು ಇಲ್ಲಿ ನೆನಪಾಗದಿರದು. ಆದರೆ ಈಡಿಪಸನಿಗೆ ಸತ್ಯವಾದರೂ ದೊರಕಿತು. ಇವರಿಗೆ ದೊರಕಿದುದು ತಮ್ಮ ದೌರ್ಬಲ್ಯದ ಅರಿವು ಮಾತ್ರ; ಕೊಂದವನಾರೆಂಬ ಸತ್ಯ ಇದ್ದಲ್ಲಿಯೇ ಉಳಿಯಿತು.

ಕೊನೆಕೊನೆಗೆ ತಪ್ಪೊಪ್ಪಿಗೆಯೂ ಬರುತ್ತದೆ. ಆದರೆ ಅವರು ಕಾದಿದ್ದ ಒಪ್ಪಿಗೆ ಅದಲ್ಲ. ಆ ಹುಡುಗಿಯನ್ನು ತಾನು ಪ್ರೀತಿಸಿದೆನೆಂದು, ಆ ವಯಸ್ಸಿನ ಮಗುವಿನ ವಿಷಯದಲ್ಲಿ ಮುದುಕನೊಬ್ಬನಿಗೆ ಬರಬಾರದ ರೀತಿಯ ಪ್ರೀತಿ ತನ್ನಲ್ಲಿ ಹುಟ್ಟಿತೆಂದು, ಟಕರನು ಅಳುತ್ತ ಹೇಳುತ್ತಾನೆ. ಕೊಂದೆಯಾ ಎಂದರೆ ಇಲ್ಲವೆನ್ನುತ್ತಾನೆ. ಇಡೀ ಕಂತಿನಲ್ಲಿ ಇದಕ್ಕಿಂತ ಕಠಿನವಾದ ಕ್ಷಣವಿಲ್ಲ. ಮನುಷ್ಯನು ತನ್ನ ಅತ್ಯಂತ ಲಜ್ಜಾಸ್ಪದವಾದ ಗುಟ್ಟನ್ನು ಹೊರಹಾಕಿದ್ದಾನೆ. ಇದಕ್ಕಿಂತ ಹೆಚ್ಚಿನದನ್ನು ಅವನು ಮುಚ್ಚಿಟ್ಟಿರುವನೋ, ಅಥವಾ ಮುಚ್ಚಿಡಲು ಇನ್ನೇನೂ ಉಳಿದಿಲ್ಲವೋ? ಒಂದೇ ಮಾತು ಎರಡು ಕಡೆಗೂ ಸಾಕ್ಷಿ ನುಡಿಯುತ್ತದೆ. ಅವನನ್ನು ನಿರಪರಾಧಿಯೆಂದು ಅಪ್ಪಿಕೊಳ್ಳಲು ಆ ಪ್ರೀತಿಯ ಸ್ವರೂಪವೇ ಅಡ್ಡಿ. ಅಪರಾಧಿಯೆಂದು ತಳ್ಳಿಬಿಡಲು ಆ ಕಣ್ಣೀರು ಅಡ್ಡಿ.

ನಮ್ಮ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿಯೂ ಕೊಲೆಯ ವಿಚಾರಣೆ. ವಸಂತಸೇನೆಯನ್ನು ಕೊಂದನೆಂದು ಚಾರುದತ್ತನ ಮೇಲೆ ಶಕಾರನು ಆರೋಪ ಹೊರಿಸುತ್ತಾನೆ. ನ್ಯಾಯಾಧಿಕಾರಿ ಚಾರುದತ್ತನ ಶೀಲವನ್ನು ಬಲ್ಲವನು. ಆದರೂ ಆಭರಣಗಳು ಮೈತ್ರೇಯನ ಕಂಕುಳಿನಿಂದ ಸಭೆಯ ನಡುವೆ ಬಿದ್ದ ಮೇಲೆ ಅವನು ನಿರುಪಾಯನಾಗುತ್ತಾನೆ. ಪ್ರಿಯೆಯಿಲ್ಲದ ಬದುಕಿನಲ್ಲಿ ಆಸೆಗೆಟ್ಟ ಚಾರುದತ್ತನು ಮಾಡದ ಅಪರಾಧವನ್ನು ಒಪ್ಪಿಕೊಂಡಂತೆ ನಡೆಯುತ್ತಾನೆ. ಸುಳ್ಳು ತಪ್ಪೊಪ್ಪಿಗೆಯ ಮರ್ಮವನ್ನು ಶೂದ್ರಕನು ಅಷ್ಟು ಹಿಂದೆಯೇ ಅರಿತಿದ್ದನು. ಆದರೆ ಅಲ್ಲಿ ಪ್ರೇಕ್ಷಕನಿಗೆ ಸತ್ಯ ಗೊತ್ತು. ಶಕಾರನ ಕೃತ್ಯವನ್ನು ಎಂಟನೆಯ ಅಂಕದಲ್ಲಿ ಅವನು ಕಂಡಿದ್ದಾನೆ. ವಸಂತಸೇನೆ ಬದುಕಿರುವುದನ್ನೂ ಕಂಡಿದ್ದಾನೆ. ಆದುದರಿಂದ ಅವನ ಕಳವಳಕ್ಕೆ ಒಂದು ಆಧಾರವುಂಟು. ಹತ್ತನೆಯ ಅಂಕದಲ್ಲಿ ಅವಳು ವಧ್ಯಸ್ಥಾನಕ್ಕೆ ಓಡಿಬರುವಳು, ಎಲ್ಲವೂ ಸರಿಹೋಗುವುದು. ಫಾಂಟಾನಾ ಅವರ ನಾಟಕದಲ್ಲಿ ಪ್ರೇಕ್ಷಕನಿಗೆ ಆ ಆಧಾರವಿಲ್ಲ. ಕೊಠಡಿಯಲ್ಲಿರುವ ಇಬ್ಬರು ಪತ್ತೇದಾರರಿಗೆ ತಿಳಿದಷ್ಟೇ ನಮಗೂ ತಿಳಿದದ್ದು. ಸತ್ತವಳು ಮರಳಿ ಬರಲಾರಳು.

ಹನ್ನೆರಡು ಗಂಟೆ ಮುಗಿಯುತ್ತದೆ. ಟಕರನನ್ನು ಬಿಡಬೇಕಾಗುತ್ತದೆ. ಆ ಬಳಿಕ ಪತ್ತೇದಾರರಿಬ್ಬರ ನಡುವೆ ನಡೆಯುವ ಸಣ್ಣ ಸಂಭಾಷಣೆಯಲ್ಲಿ ನಾಟಕದ ಸಾರವೆಲ್ಲ ಅಡಗಿದೆ. ಟಕರನೇ ಕೊಂದವನೆಂದು ಈಗ ತನಗೆ ನಂಬಿಕೆಯಾಯಿತೆಂದು ಪೆಂಬಲ್‌ಟನನು ಹೇಳುತ್ತಾನೆ. ಆರಂಭದಲ್ಲಿ ಅಷ್ಟು ನಿಶ್ಚಿತನಾಗಿದ್ದ ಬೇಲಿಸನಿಗೋ, ಈಗ ಯಾವುದೂ ನಿಶ್ಚಯವಿಲ್ಲ. ಒಂದೇ ಕೊಠಡಿ, ಒಂದೇ ಹೊತ್ತು, ಒಂದೇ ಮುಖ, ಒಂದೇ ಮಾತು. ಒಬ್ಬನ ಸಂಶಯ ನಂಬಿಕೆಯಾಯಿತು, ಇನ್ನೊಬ್ಬನ ನಂಬಿಕೆ ಸಂಶಯವಾಯಿತು.

ಇದು ಕೃತಿಯ ದೋಷವಲ್ಲವೇ ಎಂದು ಕೇಳುವವರುಂಟು. ನಮ್ಮ ಲಾಕ್ಷಣಿಕರು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳನ್ನು ಹೇಳಿದ್ದಾರೆ. ಬೀಜವು ಮುಖದಲ್ಲಿ ಬಿತ್ತಲ್ಪಟ್ಟು, ವಿಮರ್ಶದಲ್ಲಿ ವಿಘ್ನಕ್ಕೂ ಸಂದೇಹಕ್ಕೂ ಸಿಕ್ಕಿ, ನಿರ್ವಹಣದಲ್ಲಿ ಫಲಿಸಬೇಕು. ಈ ಲೆಕ್ಕದಲ್ಲಿ ನಮ್ಮ ಕಂತು ವಿಮರ್ಶಸಂಧಿಯಲ್ಲಿಯೇ ನಿಂತುಹೋಯಿತು. ಫಲಾಗಮವಿಲ್ಲದ ನಾಟಕವು ಅರ್ಧಕ್ಕೆ ಕಟ್ಟಿ ಬಿಟ್ಟ ಮನೆಯಂತೆ ಎಂಬುದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊನೆಯನ್ನು ಕಾಣಲಾರದ ಲೇಖಕನು ತನ್ನ ಅಶಕ್ತಿಯನ್ನೇ ಗಾಂಭೀರ್ಯವೆಂದು ತೋರಿಸಿಕೊಳ್ಳುವುದು ಆಧುನಿಕ ಸಾಹಿತ್ಯದಲ್ಲಿ ಅಪರೂಪವೇನೂ ಅಲ್ಲ.

ಆದರೆ ಇಲ್ಲಿ ಹಾಗಾಗಿಲ್ಲವೆಂಬುದಕ್ಕೆ ಪರೀಕ್ಷೆ ಸುಲಭ. ಟಕರನು ಕೊನೆಯಲ್ಲಿ ಕೊಲೆಯನ್ನು ಒಪ್ಪಿಕೊಂಡನೆಂದು ಭಾವಿಸಿಕೊಳ್ಳೋಣ. ಆಗ ಹಿಂದಿನ ಪ್ರಶ್ನೆಗಳೂ ಬೆದರಿಕೆಗಳೂ ಗುರಿಮುಟ್ಟಿದ ಉಪಾಯಗಳಾಗಿ ಸಾರ್ಥಕವಾಗುತ್ತವೆ. ನಮ್ಮೊಳಗಿನ ಬಲಿಯ ಹಸಿವೂ ನ್ಯಾಯವಾಗಿಬಿಡುತ್ತದೆ. ಬೇರೊಬ್ಬನೇ ಕೊಂದವನೆಂದು ಕೊನೆಯಲ್ಲಿ ತಿಳಿಯಿತೆಂದು ಭಾವಿಸೋಣ. ಆಗ ಇಡೀ ವಿಚಾರಣೆ ಒಂದು ದುಷ್ಟ ಪ್ರಮಾದವಾಗಿ, ಪತ್ತೇದಾರರು ಖಳರಾಗಿ, ನಾವು ಸುಖವಾಗಿ ಅವರನ್ನು ನಿಂದಿಸಿ ಮನೆಗೆ ಹೋಗಬಹುದು. ಎರಡು ಪಕ್ಷದಲ್ಲಿಯೂ ಪ್ರೇಕ್ಷಕನು ತನ್ನ ಹೊಣೆಯಿಂದ ಪಾರಾಗುತ್ತಾನೆ. ಈಗಿರುವ ರೂಪದಲ್ಲಿ ಪಾರಾಗುವ ದಾರಿಯಿಲ್ಲ. ಮನುಷ್ಯನು ಮನುಷ್ಯನ ಅಂತರಂಗವನ್ನು ಬಲಾತ್ಕಾರದಿಂದ ತೆರೆದು ಸತ್ಯವನ್ನು ಹೊರತೆಗೆಯಬಲ್ಲನೇ ಎಂಬುದೇ ಈ ನಾಟಕದ ಬೀಜ. ತೆರೆಯಬಹುದು, ಆದರೆ ಒಳಗಿನಿಂದ ಹೊರಬರುವುದು ನಾವು ಬಯಸಿದ ಸತ್ಯವೇ ಆಗಿರಬೇಕಾಗಿಲ್ಲ, ಎಂಬುದು ಅದರ ಫಲ. ಆ ಅರ್ಥದಲ್ಲಿ ನಿರ್ವಹಣವೂ ಆಗಿದೆ. ಕಥೆಯಲ್ಲಿ ಆಗದೆ ಪ್ರೇಕ್ಷಕನಲ್ಲಿ ಆಗಿದೆ.

ಇನ್ನೊಂದು ಕಾರಣವೂ ಉಂಟು. ಸೈಮನ್ ಅವರ ಗ್ರಂಥದಲ್ಲಿ ಬರುವ, ಅಡೀನಾಳ ಕಥೆಗೆ ಮೂಲವಾದ ೧೯೮೮ರ ನಿಜ ಪ್ರಕರಣದಲ್ಲಿ ಯಾರ ಮೇಲೆಯೂ ಅಪರಾಧ ಸ್ಥಾಪಿತವಾಗಲಿಲ್ಲ. ಒಂದು ಮಗುವಿನ ಸಾವಿನಿಂದ ಕಥೆಯನ್ನು ಎರವಲು ಪಡೆದವರು, ಜೀವನದಲ್ಲಿ ಆ ಮನೆಯವರಿಗೆ ಸಿಕ್ಕದ ಸಮಾಧಾನವನ್ನು ತೆರೆಯ ಮೇಲೆ ನೋಡುವವರಿಗೆ ಅಗ್ಗವಾಗಿ ಹಂಚಲಿಲ್ಲ. ಇದು ಕಲೆಯ ಔಚಿತ್ಯ ಮಾತ್ರವಲ್ಲ, ನಡತೆಯ ಔಚಿತ್ಯವೂ ಹೌದು.

ಗುಣಗಳನ್ನು ಹೇಳಿದಂತೆ ಕೊರತೆಗಳನ್ನೂ ಹೇಳಬೇಕು. ಟಕರನು ಪತ್ತೇದಾರರ ಅಂತರಂಗವನ್ನು ಬಯಲಿಗೆಳೆಯುವ ಭಾಗದಲ್ಲಿ ಕರ್ತೃವಿನ ಕೈ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಹನ್ನೆರಡು ಗಂಟೆಗಳ ಹಿಂಸೆಯಿಂದ ಕುಗ್ಗಿದ ಮುದುಕನು ಇಬ್ಬರ ಮರ್ಮವನ್ನೂ ಅಷ್ಟು ಅಚ್ಚುಕಟ್ಟಾಗಿ, ಒಬ್ಬರಾದ ಮೇಲೊಬ್ಬರಂತೆ, ಚುಚ್ಚಿ ಹೇಳುವುದು ನಾಟಕಕ್ಕೆ ಅನುಕೂಲ. ಸ್ವಭಾವಕ್ಕೆ ಅಷ್ಟು ಅನುಕೂಲವಲ್ಲ. ಬೇಲಿಸನು ಬಾಲ್ಯದಲ್ಲಿ ತನ್ನ ಬಂಧುವೊಬ್ಬನಿಂದಲೇ ದುರ್ವ್ಯವಹಾರಕ್ಕೆ ಒಳಗಾಗಿದ್ದನೆಂದು ಮಾಲೆಯ ಮುಂದಿನ ಭಾಗದಲ್ಲಿ, ೧೯೯೭ರಲ್ಲಿ, ತಿಳಿದುಬರುತ್ತದೆ. ಅದನ್ನು ಬಲ್ಲವರಿಗೆ ಟಕರನ ಮಾತು ಭವಿಷ್ಯದಂತೆ ಕೇಳಿಸೀತು. ಆದರೆ ಒಂದು ಕಂತಿನ ಔಚಿತ್ಯಕ್ಕೆ ನಾಲ್ಕು ವರ್ಷಗಳ ಮೇಲೆ ಬಂದ ಕಂತು ಜಾಮೀನು ಕೊಡಲಾರದು.

ಎರಡನೆಯದು ಹೆಚ್ಚು ಗಂಭೀರವಾದುದು. ಹೆಸರಿನಲ್ಲಿ ಅಡೀನಾ ಇದ್ದಾಳೆ. ನಾಟಕದಲ್ಲಿ ಅವಳು ಭಾವಚಿತ್ರ ಮಾತ್ರ. ಮೂವರು ಗಂಡಸರು ಅವಳ ಹೆಸರನ್ನು ಹಿಡಿದು ತಮ್ಮ ತಮ್ಮ ಗರ್ವ, ಭಯ, ಪಾಪಗಳನ್ನು ತೋಡಿಕೊಳ್ಳುತ್ತಾರೆ. ಆ ಹುಡುಗಿ ಏನು ಬಯಸಿದ್ದಳು, ಯಾವುದಕ್ಕೆ ನಗುತ್ತಿದ್ದಳು, ತಾಯಿಯೊಡನೆ ಹೇಗಿದ್ದಳು ಎಂಬುದು ಈ ಕಂತಿನಿಂದ ನಮಗೆ ತಿಳಿಯುವುದು ಅತ್ಯಲ್ಪ. ಇದನ್ನು ಕರ್ತೃ ಅರಿಯದವರಲ್ಲ. ಹೆಸರನ್ನು ಹಾಗಿಟ್ಟುದರಲ್ಲಿಯೇ ಆ ಅರಿವಿದೆ. ಮೂವರನ್ನು ಒಟ್ಟಾಗಿ ಎಣಿಸಿ, ಅವಳೊಬ್ಬಳನ್ನು ಬೇರೆಯಾಗಿ ನಿಲ್ಲಿಸಿ ಹೆಸರಿಸಿದ್ದಾರೆ. ಆದರೂ, ಕೊರತೆಯನ್ನು ಅರಿತು ಮಾಡಿದರೆ ಅದು ಕೊರತೆಯಾಗದೆ ಹೋಗುವುದಿಲ್ಲ. ಕೊಲೆಯ ಕಥೆಗಳು ಸತ್ತವರಿಗಿಂತ ಕೊಂದವರ ವಿಷಯದಲ್ಲಿ, ಕೊಂದವರಿಗಿಂತ ಹಿಡಿಯುವವರ ವಿಷಯದಲ್ಲಿ ಹೆಚ್ಚು ಆಸಕ್ತಿ ವಹಿಸುವುದು ಆ ಜಾತಿಗೇ ಅಂಟಿದ ದೋಷ. ಈ ಉತ್ತಮ ಕೃತಿಯೂ ಅದರಿಂದ ಪೂರ್ತಿಯಾಗಿ ಪಾರಾಗಿಲ್ಲ.

ಅಭಿನಯದ ವಿಷಯದಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಟಕರನ ಪಾತ್ರವನ್ನು ವಹಿಸಿದ ಮೋಸೆಸ್ ಗನ್ ಅವರು ಷೇಕ್ಸ್‌ಪಿಯರನ ಒಥೆಲೋ ಪಾತ್ರವನ್ನು ರಂಗದ ಮೇಲೆ ಆಡಿ ನುರಿತ ಹಿರಿಯ ನಟರು. ಮೌನವನ್ನು ಅವರು ಬಳಸುವ ಬಗೆ ಬೆರಗುಗೊಳಿಸುವಂಥದು. ಆ ಮೌನ ತಪ್ಪಿತಸ್ಥನದೋ ನೊಂದವನದೋ ಎಂಬ ಪ್ರಶ್ನೆಗೆ ಉತ್ತರ ದೊರಕದಂತೆ ಕೊನೆಯವರೆಗೂ ಅದನ್ನು ಕಾಪಾಡಿದ್ದಾರೆ. ತುಸು ಎಡಕ್ಕೆ ವಾಲಿದ್ದರೂ, ತುಸು ಬಲಕ್ಕೆ ವಾಲಿದ್ದರೂ ನಾಟಕ ಕುಸಿಯುತ್ತಿತ್ತು. ಅದೇ ೧೯೯೩ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪೆಂಬಲ್‌ಟನನಾಗಿ ಆಂದ್ರೆ ಬ್ರಾವರ್ ಅವರದು ವಾಣಿಯ ಪ್ರಭುತ್ವ. ಪಿಸುಮಾತಿನಿಂದ ಗುಡುಗಿಗೆ ಏರುವ ಅವರ ಸ್ವರಕ್ಕೆ ಆ ಚಿಕ್ಕ ಕೊಠಡಿ ಸಾಲದೆಂಬಂತೆ ತೋರುತ್ತದೆ. ಇದೇ ಪಾತ್ರಕ್ಕೆ ೧೯೯೮ರಲ್ಲಿ ಅವರಿಗೂ ಎಮ್ಮಿ ಪ್ರಶಸ್ತಿ ಬಂದಿತು. ೨೦೨೩ರ ಡಿಸೆಂಬರಿನಲ್ಲಿ ಅವರೂ ಗತಿಸಿದರು. ಬೇಲಿಸನ ಪಾತ್ರ ಮೂರರಲ್ಲಿ ಕಷ್ಟವಾದುದು. ನಂಬಿಕೆ ಕರಗಿಹೋಗುವುದನ್ನು ಮಾತಿಲ್ಲದೆ ತೋರಿಸಬೇಕು. ಕೈಲ್ ಸೀಕರ್ ಅವರು ಅದನ್ನು ಆಡಂಬರವಿಲ್ಲದೆ ಸಾಧಿಸಿದ್ದಾರೆ.

ಇಲ್ಲಿಯ ರಸ ಯಾವುದೆಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಶೋಕವಿದೆ, ಕ್ರೋಧವಿದೆ, ಜುಗುಪ್ಸೆಯಿದೆ. ಯಾವುದೊಂದೂ ಇನ್ನೊಂದನ್ನು ಅಡಗಿಸಿ ನಿಲ್ಲುವುದಿಲ್ಲ. ಆದರೆ ಕೊನೆಯಲ್ಲಿ ಉಳಿಯುವುದು ಕರುಣವೆಂದೇ ತೋರುತ್ತದೆ; ಮೊದಲು ಆ ಮಗುವಿನ ವಿಷಯದಲ್ಲಿ, ಬಳಿಕ, ಇಷ್ಟವಿಲ್ಲದಿದ್ದರೂ, ಆ ಮುದುಕನ ವಿಷಯದಲ್ಲಿ, ಮತ್ತು ತಿಳಿಯಲೇಬೇಕೆಂದು ಹೊರಟು ತಿಳಿಯದೆ ಹಿಂದಿರುಗಿದ ಆ ಇಬ್ಬರ ವಿಷಯದಲ್ಲಿ. ಒಗಟಿನ ಕಥೆ ಬಿಡಿಸಿದೊಡನೆ ಮುಗಿಯುತ್ತದೆಂದು ಆರಂ‌ಭದಲ್ಲಿ ಹೇಳಿದೆವು. ಈ ನಾಟಕದ ಕೊನೆ ಎಲ್ಲರಿಗೂ ತಿಳಿದದ್ದೇ: ಕೊಂದವನು ಸಿಕ್ಕುವುದಿಲ್ಲ. ಹಾಗೆ ತಿಳಿದಿದ್ದೂ ಎರಡನೆಯ ಸಲ ನೋಡಬಹುದು, ಮೂರನೆಯ ಸಲವೂ ನೋಡಬಹುದು. ಪ್ರತಿಸಲವೂ ಟಕರನ ಮುಖವನ್ನು ನೋಡಿ ಈ ಸಲ ನಿಶ್ಚಯಮಾಡಿಯೇ ತೀರುವೆನೆಂದು ಕುಳಿತವನು ಬೇಲಿಸನಂತೆಯೇ ಏಳುತ್ತಾನೆ. ದೂರದರ್ಶನದ ಪೋಲೀಸು ಕಥೆಗಳಲ್ಲಿ ಕಾವ್ಯಧರ್ಮಕ್ಕೆ ಇಷ್ಟು ಸಮೀಪ ಬಂದವು ಕೆಲವೇ ಕೆಲವು. ಸಹೃದಯರು ಇದನ್ನು ಅವಕಾಶವಾದಾಗ ನೋಡಬೇಕು. ಪತ್ತೇದಾರಿ ಕಥೆ ಎಂಬ ಹೆಸರನ್ನು ಕೇಳಿ ಮುಖ ತಿರುಗಿಸುವವರಂತೂ ತಪ್ಪದೆ ನೋಡಬೇಕು.